ಹಲ್ಲಿನ ತುರ್ತು: ಯಾವುದಕ್ಕೆ ನಿಮಿಷ, ಯಾವುದಕ್ಕೆ ಗಂಟೆ, ಯಾವುದಕ್ಕೆ ಬೆಳಗಿನವರೆಗೆ ಬಿಡುವು

ರಾತ್ರಿ ಹನ್ನೊಂದಕ್ಕೆ ದವಡೆ ಹಲ್ಲು ಸಿಡಿಯತೊಡಗಿದರೆ ಮನೆಮಂದಿಯೆಲ್ಲ ಎದ್ದು ಕೂರುತ್ತಾರೆ. ಅದೇ ಸಂಜೆ ಕಬಡ್ಡಿ ಆಡುವಾಗ ಬಿದ್ದು ಹತ್ತು ವರ್ಷದ ಹುಡುಗನ ಮುಂದಿನ ಹಲ್ಲು ಬೇರು ಸಮೇತ ಕಿತ್ತು ಬಂದಿದ್ದರೆ, ರಕ್ತ ಒರೆಸಿ, ನೀರು ಕುಡಿಸಿ, ‘ನಾಳೆ ತೋರಿಸಿದರಾಯ್ತು’ ಎಂದು ಸುಮ್ಮನಾಗುತ್ತಾರೆ. ಹಲ್ಲಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ದೊಡ್ಡ ತಪ್ಪು ಇದೇ: ನೋವು ಜೋರಾಗಿದ್ದರೆ ಅಪಾಯ, ನೋವಿಲ್ಲದಿದ್ದರೆ ನಿಶ್ಚಿಂತೆ ಎಂದುಕೊಳ್ಳುವುದು. ಸಿಡಿಯುವ ದವಡೆ ಹಲ್ಲು ಸಾಮಾನ್ಯವಾಗಿ ಬೆಳಗಿನವರೆಗೆ ಕಾಯುತ್ತದೆ. ಕಿತ್ತುಬಂದ ಹಲ್ಲಿಗೆ ಇರುವುದು ಹೆಚ್ಚೆಂದರೆ ಒಂದು ಗಂಟೆ. ಇನ್ನು ಒಳಗೆ ಕೀವು ಕಟ್ಟಿದ ಹಲ್ಲು, ನೋವು ನಿಂತು ಎಲ್ಲರೂ ಮರೆತ ಮೇಲೆಯೇ, ಕತ್ತಿನ ಕಡೆಗೆ ಇಳಿದು ಉಸಿರಿಗೆ ಅಡ್ಡ ಬರಬಹುದು.

ಹಾಗಾಗಿ ಇಲ್ಲಿ ನೋವಿನ ಜೋರನ್ನು ಬದಿಗಿಟ್ಟು, ಕೈಯಲ್ಲಿ ಎಷ್ಟು ಸಮಯವಿದೆ ಎಂಬ ಲೆಕ್ಕದಲ್ಲಿ ಒಂದೊಂದೇ ತುರ್ತನ್ನು ನೋಡೋಣ.

ಮೊದಲ ಅರ್ಧ ನಿಮಿಷ: ಇದು ನಿಜಕ್ಕೂ ಹಲ್ಲಿನದೇ?

ಬಾಯೊಳಗೆ ಇಣುಕುವ ಮೊದಲು ಇಡೀ ಮನುಷ್ಯನನ್ನು ನೋಡಿ. ಕೆಳಗಿನ ಯಾವುದೊಂದು ಕಂಡರೂ ಡೆಂಟಲ್ ಕ್ಲಿನಿಕ್ ಹುಡುಕುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

- ಉಸಿರಾಡಲು ಕಷ್ಟ, ಎಂಜಲನ್ನೂ ನುಂಗಲಾಗದೆ ಜೊಲ್ಲು ಸುರಿಯುವುದು
- ಗದ್ದದ ಕೆಳಗೆ ಅಥವಾ ನಾಲಿಗೆಯ ಅಡಿಯಲ್ಲಿ ಗಟ್ಟಿಯಾದ ಬಾವು, ಕತ್ತಿನ ಕಡೆಗೆ ಇಳಿಯುತ್ತಿರುವ ಬಾವು
- ಕಣ್ಣಿನ ಸುತ್ತ ಹಬ್ಬಿದ ಬಾವು, ರೆಪ್ಪೆ ತೆರೆಯಲಾಗದಿರುವುದು, ದೃಷ್ಟಿ ಮಂಜಾಗುವುದು
- ಮುಖಕ್ಕೆ ಪೆಟ್ಟು ಬಿದ್ದವರಿಗೆ ಪ್ರಜ್ಞೆ ತಪ್ಪಿದ್ದು, ಮತ್ತೆ ಮತ್ತೆ ವಾಂತಿ, ಗೊಂದಲದ ಮಾತು, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರಿನಂಥ ದ್ರವ
- ಒತ್ತಿ ಹಿಡಿದರೂ ನಿಲ್ಲದೆ ಹರಿಯುವ ರಕ್ತ

ಇನ್ನೊಂದನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಹೃದಯಾಘಾತದ ನೋವು ಕೆಲವರಲ್ಲಿ ಕೆಳದವಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮೆಟ್ಟಿಲು ಹತ್ತಿದಾಗ, ಬಿರುಸಾಗಿ ನಡೆದಾಗ ದವಡೆ ಹಿಂಡಿದಂತಾಗಿ, ಕೂತರೆ ಕಡಿಮೆಯಾಗುತ್ತಿದ್ದರೆ ಅದು ಹಲ್ಲಿನ ಲಕ್ಷಣವಲ್ಲ. ಯಾವ ಹಲ್ಲು ಎಂದು ಬೆರಳಿಟ್ಟು ತೋರಿಸಲಾಗದೆ, ಜೊತೆಗೆ ಬೆವರು, ಏದುಸಿರು, ವಾಕರಿಕೆ, ಎಡತೋಳಿನ ಸೆಳೆತ ಇದ್ದರೆ ತಕ್ಷಣ 108. ಮಧುಮೇಹ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಹೀಗಾಗಬಹುದು. ‘ಹಲ್ಲುನೋವಿರಬೇಕು’ ಎಂದು ಲವಂಗ ಕಚ್ಚಿಕೊಂಡು ಮಲಗುವುದು ಇಲ್ಲಿ ಪ್ರಾಣಕ್ಕೇ ಕುತ್ತು.

ನಿಮಿಷಗಳ ಲೆಕ್ಕ: ಬೇರು ಸಮೇತ ಕಿತ್ತುಬಂದ ಹಲ್ಲು

ಕ್ರಿಕೆಟ್ ಚೆಂಡು, ಜೋಕಾಲಿ, ಶಾಲೆಯ ಮೆಟ್ಟಿಲು, ಬೈಕು: ಕಾರಣ ಯಾವುದೇ ಇರಲಿ, ಮನೆಯವರು ಮಾಡುವ ಕೆಲಸ ಡಾಕ್ಟರ ಕೆಲಸಕ್ಕಿಂತ ಮುಖ್ಯವಾಗುವ ಅಪರೂಪದ ಸಂದರ್ಭ ಇದು. ಕಿತ್ತುಬಂದ ಹಲ್ಲಿನ ಬೇರಿನ ಮೇಲೆ ತೆಳುವಾದ ಪೊರೆಯೊಂದು ಅಂಟಿಕೊಂಡಿರುತ್ತದೆ. ಹಲ್ಲನ್ನು ಮೂಳೆಗೆ ಹಿಡಿದಿಡುವ ಜೀವಕೋಶಗಳು ಅದರಲ್ಲಿವೆ. ಗಾಳಿಗೆ ಒಣಗುತ್ತ ಹೋದಂತೆ ಅವು ಸಾಯುತ್ತವೆ. ಒಣಗಿ 60 ನಿಮಿಷ ಕಳೆದರೆ ಬಹುತೇಕ ಉಳಿಯುವುದಿಲ್ಲ. ಸತ್ತ ಪೊರೆಯ ಹಲ್ಲನ್ನು ಕೂರಿಸಿದರೂ ಅದು ಮೂಳೆಗೆ ನೇರವಾಗಿ ಬೆಸೆದುಕೊಂಡು, ವರ್ಷಗಳು ಕಳೆದಂತೆ ಬೇರು ಕರಗುತ್ತ ಹೋಗುತ್ತದೆ. ಜೀವಂತ ಪೊರೆಯೊಂದಿಗೆ ಕೆಲವೇ ನಿಮಿಷಗಳಲ್ಲಿ ಕೂರಿಸಿದ ಹಲ್ಲಿಗೆ ಬಹಳ ವರ್ಷ ಬಾಳುವ ಅವಕಾಶವಿದೆ.

ಮೊದಲ ಪ್ರಶ್ನೆ: ಹಾಲುಹಲ್ಲೋ, ಶಾಶ್ವತ ಹಲ್ಲೋ? ಮುಂದಿನ ಬಾಚಿಹಲ್ಲುಗಳು 6ರಿಂದ 8 ವರ್ಷದೊಳಗೆ ಬದಲಾಗುತ್ತವೆ. ಐದು ವರ್ಷದೊಳಗಿನ ಮಗುವಿನದಾದರೆ ಹೆಚ್ಚುಕಡಿಮೆ ಖಂಡಿತ ಹಾಲುಹಲ್ಲು. ಒಂಬತ್ತು ದಾಟಿದ ಮಗುವಿನ ಮುಂದಿನ ಹಲ್ಲಾದರೆ ಶಾಶ್ವತದ್ದು. ನಡುವಿನ ವಯಸ್ಸಿನಲ್ಲಿ ಗಾತ್ರ ನೋಡಿ. ಹಾಲುಹಲ್ಲು ಪುಟ್ಟದು, ಬೆಳ್ಳಗಿರುತ್ತದೆ. ಹೊಸ ಶಾಶ್ವತ ಹಲ್ಲು ಅಗಲ, ತುಸು ಹಳದಿ ಛಾಯೆ, ಅಂಚು ಗರಗಸದಂತೆ ಏರುತಗ್ಗಾಗಿರುತ್ತದೆ. ಹಾಲುಹಲ್ಲನ್ನು ಯಾವ ಕಾರಣಕ್ಕೂ ವಾಪಸ್ ಕೂರಿಸಬಾರದು, ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆಗೆ ಪೆಟ್ಟಾಗುತ್ತದೆ. ಉದುರಿದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ, ಅದು ಚಂದದ್ದೇ. ಪೆಟ್ಟಿನಿಂದ ಕಿತ್ತುಬಂದ ಶಾಶ್ವತ ಹಲ್ಲಿಗೂ ಅದೇ ಗತಿಯಾದರೆ ಮಾತ್ರ ಆ ಮಗು ಮುಂದೆ ಜೀವನವಿಡೀ ಕಟ್ಟಿದ ಹಲ್ಲಿನಲ್ಲೇ ಇರಬೇಕಾಗುತ್ತದೆ.

ಶಾಶ್ವತ ಹಲ್ಲು ಎಂದು ಗೊತ್ತಾದ ಮೇಲೆ ಹೀಗೆ ಮಾಡಿ:

1. ಮಗುವನ್ನು ಕೂರಿಸಿ, ಸಮಾಧಾನ ಮಾಡಿ. ಮೇಲೆ ಹೇಳಿದ ತಲೆಪೆಟ್ಟಿನ ಲಕ್ಷಣ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಇದ್ದರೆ ಹಲ್ಲನ್ನು ಹಾಲಿಗೆ ಹಾಕಿ ಆಸ್ಪತ್ರೆಗೆ ನಡೆಯಿರಿ.

2. ಹಲ್ಲನ್ನು ಹುಡುಕಿ. ಸಿಗದಿದ್ದರೆ ಅದು ವಸಡಿನೊಳಗೆ ಹೂತುಹೋಗಿರಬಹುದು, ನುಂಗಿರಬಹುದು, ಶ್ವಾಸನಾಳಕ್ಕೆ ಹೋಗಿರಬಹುದು. ಕೆಮ್ಮು ಅಥವಾ ಉಬ್ಬಸ ಶುರುವಾದರೆ ಕೂಡಲೇ ಆಸ್ಪತ್ರೆ. ಇಲ್ಲದಿದ್ದರೂ ಎಕ್ಸ್‌ರೇ ಬೇಕು.

3. ಹಲ್ಲನ್ನು ಮೇಲಿನ ಬಿಳಿಭಾಗದಲ್ಲೇ ಹಿಡಿಯಿರಿ. ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ, ಬಟ್ಟೆಯಿಂದ ಒರೆಸಬೇಡಿ. ಸೋಪು, ಡೆಟ್ಟಾಲ್, ಉಪ್ಪುನೀರು, ಬ್ರಷ್ ಯಾವುದೂ ಬೇಡ.

4. ಮಣ್ಣು ಹತ್ತಿದ್ದರೆ ತಣ್ಣನೆಯ ಹಾಲಿನಲ್ಲಿ ಅಥವಾ ಆಸ್ಪತ್ರೆಯ ಸಲೈನ್‌ನಲ್ಲಿ ಒಮ್ಮೆ ಮೆಲ್ಲಗೆ ಅದ್ದಿ ತೆಗೆಯಿರಿ. ಎರಡೂ ಇಲ್ಲದಿದ್ದರೆ ಆ ಮಗುವಿನದೇ ಎಂಜಲು ಸಾಕು.

5. ಬಿಳಿಭಾಗ ಹಿಡಿದು, ಪಕ್ಕದ ಹಲ್ಲಿಗೆ ಹೊಂದುವಂತೆ ದಿಕ್ಕು ನೋಡಿ, ಅದೇ ಗುಳಿಗೆ ನಿಧಾನವಾಗಿ ಒತ್ತಿ ಕೂರಿಸಿ. ಹೊರಗೆ ಕಾಣುವ ಉಬ್ಬಿದ ಮುಖ ತುಟಿಯ ಕಡೆಗಿರಲಿ. ಕೇಳಲು ಭಯವಾಗುತ್ತದೆ, ಆದರೆ ಪೆಟ್ಟಾದ ಹೊಸತರಲ್ಲಿ ಜಾಗ ಸಾಮಾನ್ಯವಾಗಿ ಜೋಮು ಹಿಡಿದಂತಿರುತ್ತದೆ, ಹಲ್ಲು ಸಲೀಸಾಗಿ ಜಾರಿ ಕೂರುತ್ತದೆ. ಬಲವಂತ ಮಾಡಬೇಡಿ.

6. ಮಡಿಸಿದ ಕರವಸ್ತ್ರವನ್ನು ಹಲ್ಲಿನ ಮೇಲಿಟ್ಟು ಮೆಲ್ಲಗೆ ಕಚ್ಚಿ ಹಿಡಿಯಲು ಹೇಳಿ, ನೇರವಾಗಿ ದಂತವೈದ್ಯರ ಬಳಿ ಕರೆದೊಯ್ಯಿರಿ.

7. ಕೂರಿಸಲು ಧೈರ್ಯ ಸಾಲದಿದ್ದರೆ ಹಲ್ಲನ್ನು ಕೂಡಲೇ ಹಾಲಿನಲ್ಲಿ ಮುಳುಗಿಸಿ. ನಂದಿನಿಯ ಪೊಟ್ಟಣ ಕತ್ತರಿಸಿ ಲೋಟಕ್ಕೆ ಸುರಿದರೆ ಆಯಿತು, ಕಾಯಿಸುವುದು ಬೇಡ. ಬಿಸಿಹಾಲು, ಸಕ್ಕರೆ ಹಾಕಿದ ಹಾಲು, ಮಜ್ಜಿಗೆ, ಮೊಸರು ನಡೆಯುವುದಿಲ್ಲ. ಹಾಲೂ ಸಿಗದಿದ್ದರೆ ಮಗುವಿನ ಎಂಜಲನ್ನೇ ಲೋಟಕ್ಕೆ ಉಗುಳಿಸಿ ಅದರಲ್ಲಿಡಿ. ದೊಡ್ಡವರಾದರೆ, ಪೂರ್ತಿ ಎಚ್ಚರದಲ್ಲಿದ್ದರೆ, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಂಡು ಬರಬಹುದು. ಚಿಕ್ಕ ಮಕ್ಕಳು ನುಂಗಿಬಿಡುತ್ತಾರೆ.

ನಲ್ಲಿ ನೀರಿನಲ್ಲಿಟ್ಟರೆ ಆ ಜೀವಕೋಶಗಳು ನೀರು ಹೀರಿ ಒಡೆಯುತ್ತವೆ. ಏನೂ ಸಿಗದಾಗ ಒಣಗುವುದಕ್ಕಿಂತ ನೀರು ವಾಸಿ, ಅಷ್ಟೇ. ಎಳನೀರಿನ ಬಗ್ಗೆ ನಮ್ಮ ದೇಶದಲ್ಲೇ ಪ್ರಯೋಗಾಲಯದ ಅಧ್ಯಯನಗಳು ನಡೆದಿವೆ. ಫಲಿತಾಂಶಗಳು ಒಂದೇ ಸಮನಾಗಿಲ್ಲದ ಕಾರಣ ಹಾಲಿಗೇ ಮೊದಲ ಸ್ಥಾನ. ಟಿಶ್ಯೂ ಪೇಪರಿನಲ್ಲಿ, ಹತ್ತಿಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟದ್ದು, ನಮ್ಮಲ್ಲಿ ಹೆಚ್ಚಾಗಿ ನಡೆಯುವುದೂ ಅದೇ.

ಕೂರಿಸಬಾರದವರೂ ಇದ್ದಾರೆ: ಪ್ರಜ್ಞೆ ಮಸುಕಾದವರು, ಹೃದಯದ ಕವಾಟದ ಗಂಭೀರ ತೊಂದರೆ ಇರುವವರು, ಕೀಮೋಥೆರಪಿಯಂಥ ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಂದಿದವರು. ಇವರ ಹಲ್ಲನ್ನು ಹಾಲಿನಲ್ಲಿಟ್ಟು ತನ್ನಿ, ತೀರ್ಮಾನ ವೈದ್ಯರದು.

ಒಂದು ಗಂಟೆ ದಾಟಿದೆ ಎಂದು ಹಲ್ಲನ್ನು ಎಸೆಯಬೇಡಿ. ತಡವಾಗಿ ಕೂರಿಸಿದ ಹಲ್ಲು ಹೆಚ್ಚು ವರ್ಷ ಬಾಳದಿದ್ದರೂ, ಬೆಳೆಯುವ ಮಗುವಿನಲ್ಲಿ ಆ ಜಾಗದ ಮೂಳೆಯನ್ನು ಉಳಿಸಿಕೊಡುತ್ತದೆ. ಮುಂದೆ ಬೇರೆ ಹಲ್ಲು ಕಟ್ಟುವಾಗ ಆ ಮೂಳೆಗೆ ಬಹಳ ಬೆಲೆ.

ಕ್ಲಿನಿಕ್‌ನಲ್ಲಿ ಏನು ನಡೆಯುತ್ತದೆ ಎಂಬುದೂ ಗೊತ್ತಿರಲಿ. ಎಕ್ಸ್‌ರೇ ತೆಗೆದು, ಪಕ್ಕದ ಹಲ್ಲುಗಳಿಗೆ ಸೇರಿಸಿ ಬಾಗುವಂಥ ತೆಳು ತಂತಿಯಿಂದ ಸುಮಾರು 2 ವಾರ ಕಟ್ಟುತ್ತಾರೆ. ಹಲ್ಲಿಗೆ ಪೆಟ್ಟಾದಾಗಿನ ಚಿಕಿತ್ಸೆಯ ಬಗ್ಗೆ ಅಂತಾರಾಷ್ಟ್ರೀಯ ಸಂಘವಾದ ಐಎಡಿಟಿ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ, ಬೇರು ಪೂರ್ತಿ ಬೆಳೆದ ಹಲ್ಲಿಗೆ 2 ವಾರದೊಳಗೆ ರೂಟ್ ಕೆನಾಲ್ ಶುರುವಾಗಬೇಕು. ಚಿಕ್ಕ ಮಕ್ಕಳಲ್ಲಿ ಬೇರಿನ ತುದಿ ಇನ್ನೂ ತೆರೆದಿದ್ದರೆ ಒಳಗಿನ ನರ ಮತ್ತೆ ಜೀವ ಹಿಡಿಯುವ ಸಾಧ್ಯತೆ ಇರುವುದರಿಂದ ಕಾದು ನೋಡುತ್ತಾರೆ. ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿತ್ತೆಂದು ಕೇಳಿದರೆ ಹೇಳಲು ಸಿದ್ಧರಾಗಿರಿ. ಆ 2 ವಾರ ಇಡ್ಲಿ, ಗಂಜಿ, ಮೊಸರನ್ನದಂಥ ಮೆತ್ತನೆಯ ಊಟ. ಚಕ್ಕುಲಿ, ಕಬ್ಬು, ಕೋಡುಬಳೆ ಬೇಡ. ‘ಹಲ್ಲು ಗಟ್ಟಿಯಾಯ್ತಲ್ಲ’ ಎಂದು ಮುಂದಿನ ಭೇಟಿಗಳನ್ನು ತಪ್ಪಿಸುವವರು ಹೆಚ್ಚು. ಬೇರು ಕರಗುವುದು ಹೊರಗೆ ಕಾಣುವುದಿಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಗೊತ್ತಾಗುತ್ತದೆ.

ಹಲ್ಲು ಪೂರ್ತಿ ಕಿತ್ತುಬರದೆ ಅಲುಗಾಡುತ್ತಿದ್ದರೆ, ಓರೆಯಾಗಿದ್ದರೆ ಅಥವಾ ವಸಡಿನೊಳಕ್ಕೆ ಸರಿದಿದ್ದರೆ ಅಂದೇ ತೋರಿಸಬೇಕು, ಸಾಧ್ಯವಾದಷ್ಟು ಬೇಗ. ಒಳಗೆ ಸರಿದದ್ದನ್ನು ನೀವಾಗಿ ಎಳೆಯಬೇಡಿ. ತುಂಡಾಗಿದ್ದರೆ ತುಂಡನ್ನು ಹಾಲಿನಲ್ಲೋ ನೀರಿನಲ್ಲೋ ಇಟ್ಟು ತನ್ನಿ, ಎಷ್ಟೋ ಸಲ ಅದನ್ನೇ ಅಂಟಿಸಬಹುದು. ಮುರಿದ ಜಾಗದ ನಡುವೆ ಗುಲಾಬಿ ಅಥವಾ ಕೆಂಪು ಚುಕ್ಕೆ ಕಂಡರೆ ಒಳಗಿನ ನರ ತೆರೆದುಕೊಂಡಿದೆ ಎಂದರ್ಥ. ಆಗ ನೋವಿಲ್ಲದಿದ್ದರೂ ಆ ದಿನವೇ ಹೋಗಿ.

ಗಂಟೆಗಳ ಲೆಕ್ಕ: ಮುಖದ ಬಾವು

ಹುಳುಕು ಆಳಕ್ಕಿಳಿದು ನರವನ್ನು ಮುಟ್ಟಿದಾಗ ಹಲ್ಲು ವಿಪರೀತ ಸಿಡಿಯುತ್ತದೆ. ಕೆಲವು ದಿನಗಳಾದ ಮೇಲೆ ನೋವು ಒಮ್ಮೆಲೇ ನಿಲ್ಲಬಹುದು. ಮನೆಯಲ್ಲಿ ಎಲ್ಲರಿಗೂ ನೆಮ್ಮದಿ. ಆದರೆ ಅಲ್ಲಿ ನಡೆದಿರುವುದು ಇಷ್ಟು: ನರ ಸತ್ತಿದೆ, ನೋವು ತಿಳಿಸುವವರೇ ಇಲ್ಲ, ಸತ್ತ ನರದಲ್ಲಿ ಬ್ಯಾಕ್ಟೀರಿಯಾ ಬೆಳೆದು ಬೇರಿನ ತುದಿಯಲ್ಲಿ ಕೀವು ಕಟ್ಟುತ್ತಿದೆ. ಆ ಕೀವು ಮೂಳೆಯನ್ನು ಕೊರೆದು ಹೊರಬರುವ ದಾರಿ ಹುಡುಕುತ್ತದೆ. ವಸಡಿನ ಮೇಲೆ ಗುಳ್ಳೆಯಾಗಿ ಒಡೆದರೆ ಅದೃಷ್ಟ. ದಾರಿ ತಪ್ಪಿದರೆ ಮುಖದ, ಕತ್ತಿನ ಪದರಗಳ ನಡುವೆ ಹರಡುತ್ತದೆ.

ಕೆಳಗಿನ ಹಿಂಬದಿಯ ದವಡೆ ಹಲ್ಲುಗಳ, ಅದರಲ್ಲೂ ಬುದ್ಧಿಹಲ್ಲಿನ ಬೇರುಗಳು ಬಾಯಿಯ ತಳದ ಸ್ನಾಯುವಿಗಿಂತ ಕೆಳಗಿರುತ್ತವೆ. ಅಲ್ಲಿಂದ ಹೊರಟ ಕೀವು ಗದ್ದದ ಕೆಳಗೆ ಇಳಿಯುತ್ತದೆ. ಎರಡೂ ಬದಿ ಹಬ್ಬಿದರೆ ಬಾಯಿಯ ತಳ ಗಟ್ಟಿಯಾಗಿ ಮೇಲೆದ್ದು, ನಾಲಿಗೆಯನ್ನು ಹಿಂದಕ್ಕೂ ಮೇಲಕ್ಕೂ ತಳ್ಳಿ, ಉಸಿರಿನ ದಾರಿಯನ್ನೇ ಮುಚ್ಚುತ್ತದೆ. 1836ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯನ ಹೆಸರಿನಿಂದ ಇದಕ್ಕೆ ಲುಡ್ವಿಗ್ಸ್ ಆಂಜೈನಾ ಎನ್ನುತ್ತಾರೆ. ಆಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಇದು ಬಂದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಉಳಿಯುತ್ತಿರಲಿಲ್ಲ. ಇಂದು ಉಳಿಸಬಹುದು, ಹೊತ್ತಿಗೆ ಸರಿಯಾಗಿ ಆಸ್ಪತ್ರೆ ತಲುಪಿದರೆ. ಇವರ ಮಾತು ಬಾಯಿತುಂಬ ಎಲೆಅಡಿಕೆ ಇಟ್ಟುಕೊಂಡು ಮಾತಾಡಿದ ಹಾಗೆ ಕೇಳಿಸುತ್ತದೆ, ಜೊಲ್ಲು ಇಳಿಯುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಮುಂದಕ್ಕೆ ಬಾಗಿ ಕೂರುತ್ತಾರೆ. ಅವರು ಕೂತ ಭಂಗಿಯಲ್ಲೇ ಕರೆದೊಯ್ಯಿರಿ. ವಾಹನದಲ್ಲಿ ಮಲಗಿಸಬೇಡಿ, ತಿನ್ನಲು ಕುಡಿಯಲು ಏನೂ ಕೊಡಬೇಡಿ. ಅರಿವಳಿಕೆ ತಜ್ಞರು, ಐಸಿಯು ಇರುವ ಆಸ್ಪತ್ರೆಯೇ ಬೇಕು, ಏಕೆಂದರೆ ಮೊದಲ ಕೆಲಸ ಉಸಿರಿನ ದಾರಿ ಕಾಪಾಡುವುದು.

ಮೇಲಿನ ಕೋರೆಹಲ್ಲಿನ ಕಥೆ ಬೇರೆ. ‘ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ’ ಎಂಬ ಮಾತು ನಮ್ಮಲ್ಲಿ ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಹರಿದುಬಂದಿದೆ. ಆ ಹೆದರಿಕೆಯಿಂದ ಕೀವು ತುಂಬಿದ ಹಲ್ಲನ್ನು ತಿಂಗಳುಗಟ್ಟಲೆ ಇಟ್ಟುಕೊಂಡವರಿದ್ದಾರೆ. ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ. ಹಲ್ಲು ತೆಗೆಸಿದರೆ ನೋಟ ಕೆಡುವುದಿಲ್ಲ. ಕಣ್ಣಿಗೆ ಅಪಾಯ ಬರುವುದು ಕೆಟ್ಟ ಹಲ್ಲನ್ನು ಬಿಟ್ಟಾಗಲೇ. ಆ ಭಾಗದ ಸೋಂಕು ರಕ್ತನಾಳಗಳ ಮೂಲಕ ಕಣ್ಣಿನ ಹಿಂದಕ್ಕೆ, ಅಲ್ಲಿಂದ ಮಿದುಳಿನ ಬುಡಕ್ಕೆ ಹೋಗಬಲ್ಲದು. ಇದು ಅಪರೂಪ, ಆದರೆ ಬಂದರೆ ಮಾರಕ. ಮೇಲಿನ ಹಲ್ಲಿನ ನೋವಿನ ಜೊತೆ ಕಣ್ಣಿನ ಕೆಳಗೆ ಊದಿ, ಜ್ವರ, ವಿಪರೀತ ತಲೆನೋವು, ಎರಡೆರಡು ಕಾಣುವುದು ಶುರುವಾದರೆ ಒಂದು ರಾತ್ರಿಯೂ ಕಾಯಬೇಡಿ.

ಅಷ್ಟು ತೀವ್ರವಲ್ಲದ, ಕೆನ್ನೆ ಮಾತ್ರ ಊದಿರುವ ಬಾವಾದರೆ ಅದೇ ದಿನ ದಂತವೈದ್ಯರನ್ನು ಕಾಣುವವರೆಗೆ ಹೀಗೆ ಮಾಡಿ. ಬಾವಿನ ಅಂಚಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆದಿಡಿ. ಎರಡು ಮೂರು ಗಂಟೆಯಲ್ಲಿ ಗೆರೆ ದಾಟಿತೇ ಎಂದು ಕಣ್ಣಿಗೇ ಕಾಣುತ್ತದೆ. ಜ್ವರ ನೋಡಿ. ಬಾಯಿ ಎಷ್ಟು ತೆರೆಯುತ್ತದೆ ನೋಡಿ: ಸಾಮಾನ್ಯವಾಗಿ ಅವರದೇ ಮೂರು ಬೆರಳು ಒಂದರ ಮೇಲೊಂದಿಟ್ಟರೆ ಹಿಡಿಸಬೇಕು, ಎರಡು ಬೆರಳೂ ಹಿಡಿಸದಿದ್ದರೆ ಸೋಂಕು ಸ್ನಾಯುಗಳಿಗೆ ತಲುಪಿರಬಹುದು. ಮಧುಮೇಹಿಗಳು ಸಕ್ಕರೆ ಪರೀಕ್ಷಿಸಿಕೊಳ್ಳಿ. ಸೋಂಕು ಸಕ್ಕರೆಯನ್ನು ಏರಿಸುತ್ತದೆ, ಏರಿದ ಸಕ್ಕರೆ ಸೋಂಕನ್ನು ಬೆಳೆಸುತ್ತದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ಹೊರಗಿನಿಂದ ಕೆನ್ನೆಗೆ ಶಾಖ ಕೊಡಬೇಡಿ, ಬಿಸಿನೀರಿನ ಚೀಲ, ಬಿಸಿ ರಾಗಿಹಿಟ್ಟಿನ ಪಟ್ಟು ಕಟ್ಟಬೇಡಿ. ಸೂಜಿಯಿಂದ ಚುಚ್ಚಬೇಡಿ.

ಮೆಡಿಕಲ್ ಶಾಪಿನಲ್ಲಿ ‘ಹಲ್ಲಿನ ಬಾವಿಗೆ ಮಾತ್ರೆ ಕೊಡಿ’ ಎಂದು ಆಂಟಿಬಯೋಟಿಕ್ ತೆಗೆದುಕೊಳ್ಳುವುದರ ಬಗ್ಗೆ ನನಗೆ ಕಠಿಣ ಅಭಿಪ್ರಾಯವಿದೆ. ಸತ್ತ ಹಲ್ಲಿನೊಳಗೆ ರಕ್ತ ಹರಿಯುವುದಿಲ್ಲ, ಹಾಗಾಗಿ ಮಾತ್ರೆ ಅಲ್ಲಿಗೆ ತಲುಪುವುದೂ ಇಲ್ಲ. ಸುತ್ತಲಿನ ಬಾವು ಇಳಿದು ವಾಸಿಯಾದ ಭ್ರಮೆ ಹುಟ್ಟುತ್ತದೆ, ಮೂಲ ಹಾಗೇ ಉಳಿಯುತ್ತದೆ, ಮುಂದಿನ ಬಾರಿ ಬರುವ ಬಾವಿಗೆ ಅದೇ ಮಾತ್ರೆ ನಾಟದೆ ಹೋಗಬಹುದು. ಕೀವು ಹೊರಬರಬೇಕು, ಹಲ್ಲಿಗೆ ರೂಟ್ ಕೆನಾಲ್ ಆಗಬೇಕು ಅಥವಾ ಅದನ್ನು ತೆಗೆಸಬೇಕು. ಜ್ವರ, ಹರಡುವ ಬಾವು ಇದ್ದಾಗ ಇದರ ಜೊತೆಗೆ ಆಂಟಿಬಯೋಟಿಕ್ ಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ.

ಗರ್ಭಿಣಿಯರಿಗೆ ಹಲ್ಲಿನ ಚಿಕಿತ್ಸೆ ಮಾಡಿಸಬಾರದು ಎಂಬ ನಂಬಿಕೆಯನ್ನೂ ಇಲ್ಲೇ ಬಿಟ್ಟುಬಿಡಿ. ಕಾಯಬಹುದಾದ ಕೆಲಸಕ್ಕೆ ನಾಲ್ಕರಿಂದ ಆರನೇ ತಿಂಗಳು ಅನುಕೂಲ, ನಿಜ. ಬಾವು, ಕೀವಿಗೆ ಯಾವ ತಿಂಗಳಾದರೂ ಚಿಕಿತ್ಸೆ ಆಗಲೇಬೇಕು. ತಾಯಿಯ ಸೋಂಕು ಮಗುವಿಗೆ ಒಳ್ಳೆಯದಲ್ಲ.

ರಕ್ತ ನಿಲ್ಲದಿದ್ದರೆ

ಹಲ್ಲು ತೆಗೆಸಿದ ದಿನ ಎಂಜಲಿನಲ್ಲಿ ಕೆಂಪು ಕಾಣುವುದು ಸಹಜ. ಒಂದು ಚಮಚ ರಕ್ತ ಎಂಜಲಿನೊಂದಿಗೆ ಬೆರೆತರೆ ಬಾಯಿತುಂಬ ರಕ್ತದಂತೆ ಕಾಣುತ್ತದೆ, ಗಾಬರಿ ಬೇಡ. ಮತ್ತೆ ಮತ್ತೆ ಉಗುಳುವುದರಿಂದ, ಮುಕ್ಕಳಿಸುವುದರಿಂದ ಹೆಪ್ಪು ಕಿತ್ತು ಬಂದು ರಕ್ತ ಮತ್ತೆ ಹರಿಯುತ್ತದೆ. ಗಾಯಕ್ಕೆ ಕಟ್ಟುವ ಶುದ್ಧ ಗಾಜ್ ಬಟ್ಟೆಯನ್ನು ದಪ್ಪವಾಗಿ ಮಡಿಸಿ, ತುಸು ಒದ್ದೆ ಮಾಡಿ, ಸರಿಯಾಗಿ ಗುಳಿಯ ಮೇಲಿಟ್ಟು 30 ನಿಮಿಷ ಬಿಗಿಯಾಗಿ ಕಚ್ಚಿ ಕೂರಬೇಕು. ನಡುವೆ ತೆಗೆದು ನೋಡುವ ಆಸೆಯನ್ನು ತಡೆದುಕೊಳ್ಳಿ. ತಲೆ ಎತ್ತರದಲ್ಲಿರಲಿ, ಹೊರಗಿನಿಂದ ಐಸ್ ಇಡಿ. ಒದ್ದೆ ಮಾಡಿದ ಟೀ ಬ್ಯಾಗ್ ಕಚ್ಚುವುದೂ ಪ್ರಯೋಜನಕಾರಿ, ಚಹಾದ ಒಗರು ಅಂಶ ಹೆಪ್ಪುಗಟ್ಟಲು ನೆರವಾಗುತ್ತದೆ. ಆ ದಿನ ಸ್ಟ್ರಾ, ಬೀಡಿ ಸಿಗರೇಟು, ಬಿಸಿ ಕಾಫಿ, ಗುಟ್ಕಾ ಯಾವುದೂ ಬೇಡ. ಎರಡು ಬಾರಿ ಹೀಗೆ ಮಾಡಿದರೂ ನಿಲ್ಲದಿದ್ದರೆ, ತಲೆ ಸುತ್ತಿದರೆ, ಕೂಡಲೇ ಹೋಗಿ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ರಕ್ತ ಬಂತೆಂದು ಅದನ್ನು ತಾವಾಗಿ ನಿಲ್ಲಿಸಬಾರದು. ಹಲ್ಲಿನ ರಕ್ತವನ್ನು ಒತ್ತಿ ನಿಲ್ಲಿಸಬಹುದು, ಸ್ಟೆಂಟ್‌ನಲ್ಲಿ ಕಟ್ಟಿದ ಹೆಪ್ಪನ್ನು ಹಾಗೆ ತೆಗೆಯಲಾಗದು.

ಪೆಟ್ಟಿಲ್ಲದೆ, ಹಲ್ಲು ತೆಗೆಸದೆ, ಜ್ವರದ ಜೊತೆ ವಸಡಿನಿಂದ ರಕ್ತ ಬಂದರೆ ದಂತವೈದ್ಯರಿಗಿಂತ ಮೊದಲು ಫಿಸಿಶಿಯನ್ ನೋಡಬೇಕು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಾಗ ಹೀಗಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯಲ್ಲೂ ಮೂಗು, ವಸಡಿನಿಂದ ರಕ್ತ ಬರಬಹುದು. ಮಲೆನಾಡಿನವರು ಬೇಸಿಗೆಯ ಜ್ವರದಲ್ಲಿ ಇದನ್ನು ಕಡೆಗಣಿಸಬಾರದು.

ಬೆಳಗಿನವರೆಗೆ ಬಿಡುವು: ರಾತ್ರಿಯ ಹಲ್ಲುನೋವು

ಬಾವಿಲ್ಲ, ಜ್ವರವಿಲ್ಲ, ನುಂಗಲು ತೊಂದರೆಯಿಲ್ಲ, ನೋವು ಮಾತ್ರ ತಡೆಯಲಾಗುತ್ತಿಲ್ಲ. ಹಾಗಿದ್ದರೆ ಪ್ರಾಣಭಯವಿಲ್ಲ, ರಾತ್ರಿ ಕಳೆಯಬೇಕು ಅಷ್ಟೇ. ಮೊದಲು ಫ್ಲಾಸ್ ಅಥವಾ ಬ್ರಷ್‌ನಿಂದ ಹಲ್ಲಿನ ಸಂದಿ ಚೊಕ್ಕ ಮಾಡಿ. ಸಿಕ್ಕಿಕೊಂಡ ಅಡಿಕೆ ಚೂರೊಂದೇ ಇಷ್ಟೆಲ್ಲ ಮಾಡುತ್ತಿರಬಹುದು. ಪಿನ್ನು, ಬೆಂಕಿಕಡ್ಡಿ ಬೇಡ. ಮಲಗಿದಾಗ ತಲೆಗೆ ರಕ್ತದ ಒತ್ತಡ ಹೆಚ್ಚಿ ಸಿಡಿತ ಜಾಸ್ತಿಯಾಗುತ್ತದೆ, ಆದ್ದರಿಂದ ಎರಡು ದಿಂಬು ಇಟ್ಟು ಒರಗಿ. ಬಿಸಿಯಾದದ್ದು ಬೇಡ. ತಣ್ಣೀರು ಬಾಯಲ್ಲಿಟ್ಟರೆ ಹಾಯೆನಿಸುತ್ತಿದ್ದರೆ ಹಾಗೆ ಮಾಡಬಹುದು. ಆದರೆ ಅದು ನರ ಸಾಯುವ ಹಂತದ ಗುರುತು ಎಂಬುದು ನೆನಪಿರಲಿ, ಬೆಳಗ್ಗೆ ನೋವು ಇಳಿದಿದ್ದರೂ ಹೋಗಿ.

ಮಾತ್ರೆಯ ವಿಷಯ. ಬೇರೆ ಕಾಯಿಲೆ ಇಲ್ಲದ ವಯಸ್ಕರಿಗೆ ಊಟವಾದ ಮೇಲೆ ಐಬುಪ್ರೊಫೆನ್ 400 ಮಿಲಿಗ್ರಾಂ, ಅದರ ಜೊತೆ ಪ್ಯಾರಸಿಟಮಾಲ್ 500 ಅಥವಾ 650 ಮಿಲಿಗ್ರಾಂ ಹಲ್ಲುನೋವಿಗೆ ಚೆನ್ನಾಗಿ ಹಿಡಿಯುತ್ತದೆ. ಮತ್ತೆ ಬೇಕಾದರೆ 6ರಿಂದ 8 ಗಂಟೆ ಅಂತರವಿರಲಿ. ಪ್ಯಾರಸಿಟಮಾಲ್ ಎಲ್ಲ ಸೇರಿ ದಿನಕ್ಕೆ 3 ಗ್ರಾಂ ದಾಟದಿರುವುದು ಕ್ಷೇಮ. ಕಾಂಬಿಫ್ಲಾಮ್‌ನಲ್ಲಿ ಈ ಎರಡೂ ಮೊದಲೇ ಸೇರಿವೆ, ಅದರ ಮೇಲೆ ಡೋಲೊ (ಅದೂ ಪ್ಯಾರಸಿಟಮಾಲೇ) ನುಂಗುವಾಗ ಲೆಕ್ಕವಿಡಿ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ, ಅಸ್ತಮಾ, ಗರ್ಭ, ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಡೆಂಗಿ ಶಂಕೆ ಇದ್ದವರಿಗೆ ಐಬುಪ್ರೊಫೆನ್ ಬೇಡ. ಲಿವರ್ ತೊಂದರೆ ಇರುವವರು ಪ್ಯಾರಸಿಟಮಾಲ್‌ಗೂ ವೈದ್ಯರನ್ನು ಕೇಳಬೇಕು. ಮಕ್ಕಳಿಗೆ ತೂಕದ ಲೆಕ್ಕದಲ್ಲಿ ಅವರ ಸಿರಪ್ ಮಾತ್ರ, ಆಸ್ಪಿರಿನ್ ಕೊಡಲೇಬೇಡಿ.

ಲವಂಗದ ಎಣ್ಣೆ ಕೆಲಸ ಮಾಡುತ್ತದೆ, ಅದರ ಯೂಜಿನಾಲ್ ಅನ್ನು ದಂತವೈದ್ಯರೂ ತಾತ್ಕಾಲಿಕ ಸಿಮೆಂಟಿನಲ್ಲಿ ಬಳಸುತ್ತಾರೆ. ಹತ್ತಿಗೆ ಒಂದು ಹನಿ ಹಾಕಿ, ಹಿಂಡಿ, ಹುಳುಕಿನ ಗುಂಡಿಯೊಳಗೆ ಮಾತ್ರ ಇಡಿ. ವಸಡಿಗೆ, ನಾಲಿಗೆಗೆ ತಾಗಿದರೆ ಸುಡುತ್ತದೆ. ಮಾತ್ರೆಯನ್ನು ನುಂಗದೆ ಹಲ್ಲಿನ ಪಕ್ಕ ಇಟ್ಟುಕೊಳ್ಳುವುದು, ಹೊಗೆಸೊಪ್ಪು, ನಶ್ಯ, ಕರ್ಪೂರ, ಸೀಮೆಎಣ್ಣೆ ಇಡುವುದು ವಸಡಿನಲ್ಲಿ ಬಿಳಿಯ ಸುಟ್ಟಗಾಯ ಮಾಡುತ್ತದೆ, ನೋವು ಎರಡಾಗುತ್ತದೆ. ಸಂತೆಯಲ್ಲಿ ‘ಹಲ್ಲಿನ ಹುಳ ತೆಗೆಯುವವರು’ ತೋರಿಸುವ ಹುಳ ಅವರ ಕೈಚಳಕ, ಹುಳುಕಿನಲ್ಲಿ ಹುಳವಿರುವುದಿಲ್ಲ.

ಹಲ್ಲು ತೆಗೆಸಿ ಮೂರನೆಯ ದಿನದ ಹೊತ್ತಿಗೆ ಕಿವಿಯವರೆಗೆ ಎಳೆಯುವ ನೋವು, ಕೆಟ್ಟ ವಾಸನೆ ಶುರುವಾದರೆ ಗುಳಿಯ ಹೆಪ್ಪು ಕಿತ್ತುಹೋಗಿ ಮೂಳೆ ತೆರೆದಿದೆ. ಬೀಡಿ ಸಿಗರೇಟು ಸೇದುವವರಲ್ಲಿ ಇದು ಹೆಚ್ಚು. ತೆಗೆದ ಡಾಕ್ಟರ ಬಳಿಗೇ ಹೋದರೆ ತೊಳೆದು ಔಷಧ ತುಂಬುತ್ತಾರೆ, ಬೇಗ ಆರಾಮ ಸಿಗುತ್ತದೆ.

ದವಡೆಯ ತುರ್ತು

ಆಕಳಿಸುವಾಗ ಬಾಯಿ ತೆರೆದಂತೆಯೇ ಸಿಕ್ಕಿಕೊಂಡು ಮುಚ್ಚಲಾಗದಿದ್ದರೆ ಕೀಲು ಜಾರಿದೆ. ಒತ್ತಿ ಮುಚ್ಚಲು, ಕೆನ್ನೆಗೆ ಹೊಡೆಯಲು ಹೋಗಬೇಡಿ. ಗದ್ದಕ್ಕೆ ಟವೆಲ್ ಆಸರೆ ಕೊಟ್ಟು ಕರೆದೊಯ್ಯಿರಿ. ತಡವಾದಷ್ಟೂ ಸ್ನಾಯು ಬಿಗಿದು ಕೂರಿಸುವುದು ಕಷ್ಟ. ಅಪಘಾತದ ನಂತರ ಮೇಲಿನ ಕೆಳಗಿನ ಹಲ್ಲು ಮೊದಲಿನಂತೆ ಕೂಡದಿದ್ದರೆ, ಕೆಳತುಟಿ ಜೋಮು ಹಿಡಿದಿದ್ದರೆ, ನಾಲಿಗೆಯ ಅಡಿ ನೀಲಿಗಟ್ಟಿದ್ದರೆ ದವಡೆ ಮುರಿದಿರುವ ಸಾಧ್ಯತೆ ಇದೆ. ರಕ್ತ ಗಂಟಲಿಗೆ ಹೋಗದಂತೆ ಮುಂದಕ್ಕೆ ಬಾಗಿಸಿ ಕೂರಿಸಿ, ಗದ್ದವನ್ನು ಕೈಯಿಂದ ಆಧರಿಸಿ, ಬಾಯಿ ಕಟ್ಟಬೇಡಿ. ವಾಂತಿಯಾದರೆ ಹೊರಬರಲು ದಾರಿ ಬೇಕು.

ಗಾಬರಿ ಬೇಡದವು

ಕ್ಯಾಪ್ ಕಳಚಿದರೆ ಜೋಪಾನವಾಗಿ ಡಬ್ಬಿಯಲ್ಲಿಡಿ, ಒಂದೆರಡು ದಿನದಲ್ಲಿ ಹೋಗಿ ಅಂಟಿಸಿಕೊಳ್ಳಿ. ಫೆವಿಕ್ವಿಕ್ ಹಚ್ಚಬೇಡಿ. ಫಿಲ್ಲಿಂಗ್ ಬಿದ್ದರೆ ಆ ಕಡೆ ಅಗಿಯಬೇಡಿ. ಕ್ಲಿಪ್ಪಿನ ತಂತಿ ಚುಚ್ಚುತ್ತಿದ್ದರೆ ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಬಗ್ಗಿಸಿ, ಆಗದಿದ್ದರೆ ಮೇಣ ಅಂಟಿಸಿ. ತುರ್ತಲ್ಲದಿದ್ದರೂ ಮುಂದೂಡಬಾರದ್ದು ಒಂದಿದೆ: 2ರಿಂದ 3 ವಾರವಾದರೂ ಮಾಯದ ಬಾಯಿಹುಣ್ಣು, ಕಾರಣವಿಲ್ಲದೆ ಸಡಿಲವಾದ ಹಲ್ಲು, ಬಿಳಿ ಅಥವಾ ಕೆಂಪು ಮಚ್ಚೆ. ಹೊಗೆಸೊಪ್ಪು, ಗುಟ್ಕಾ, ಅಡಿಕೆ ಅಭ್ಯಾಸವಿರುವವರು ಇದಕ್ಕೆ ಆ ವಾರವೇ ತೋರಿಸಬೇಕು.

ಎಲ್ಲಿಗೆ ಹೋಗುವುದು, ಮನೆಯಲ್ಲಿ ಏನಿರಬೇಕು

ಖಾಸಗಿ ಕ್ಲಿನಿಕ್‌ಗಳು ರಾತ್ರಿ, ಭಾನುವಾರ ಮುಚ್ಚಿರುತ್ತವೆ, ಆದರೆ ನಿಮ್ಮ ಡಾಕ್ಟರ ಮೊಬೈಲ್ ನಂಬರ್ ಮೊದಲೇ ಕೇಳಿಟ್ಟುಕೊಂಡಿದ್ದರೆ ಫೋನಿನಲ್ಲೇ ದಾರಿ ಹೇಳುತ್ತಾರೆ. ಹಗಲಿನಲ್ಲಿ ತಾಲೂಕು ಆಸ್ಪತ್ರೆಯ ದಂತ ವಿಭಾಗ ಹತ್ತಿರವಿದ್ದೀತು. ಬೆಂಗಳೂರು, ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಿವೆ. ಮೈಸೂರು, ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡ, ಬೆಳಗಾವಿಯಲ್ಲಿ ಖಾಸಗಿ ದಂತ ಕಾಲೇಜುಗಳಿವೆ. ಬಾವು, ಮುರಿದ ದವಡೆಗೆ ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆಯೇ ಸರಿ. ಹೊರಡುವಾಗ ನಿತ್ಯ ನುಂಗುವ ಮಾತ್ರೆಗಳ ಚೀಟಿ, ಯಾವ ಔಷಧ ಒಗ್ಗುವುದಿಲ್ಲ ಎಂಬ ವಿವರ, ಪೆಟ್ಟಾದ ಸಮಯ, ಈಗಾಗಲೇ ಕೊಟ್ಟ ಮಾತ್ರೆ ಇವನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ.

ಮನೆಯ ಪೆಟ್ಟಿಗೆಯಲ್ಲಿ ಗಾಜ್ ಬಟ್ಟೆ, ಹತ್ತಿ, ಪುಟ್ಟ ಮುಚ್ಚಳದ ಡಬ್ಬಿ, ಟಾರ್ಚ್, ಥರ್ಮಾಮೀಟರ್, ಪ್ಯಾರಸಿಟಮಾಲ್, ಲವಂಗದ ಎಣ್ಣೆ, ಸಲೈನ್ ಬಾಟಲಿ ಸಾಕು. ಶಾಲೆಗಳಲ್ಲಿ ದೈಹಿಕ ಶಿಕ್ಷಕರ ಕೋಣೆಯಲ್ಲಿ ಫ್ರಿಜ್ ಇರುವುದಿಲ್ಲ. ಅಲ್ಲಿ ಕೆಡದೆ ಉಳಿಯುವ ಗುಡ್‌ಲೈಫ್‌ನಂಥ ಟೆಟ್ರಾ ಪ್ಯಾಕ್ ಹಾಲು ಒಂದಿದ್ದರೆ ಕಿತ್ತುಬಂದ ಹಲ್ಲಿಗೆ ಅದೇ ಮೊದಲ ಔಷಧ. ಪೋಷಕರ ಸಭೆಗೆ ಹೋದಾಗ ಇದನ್ನು ಕೇಳಿ, ಇಲ್ಲದಿದ್ದರೆ ಒಂದು ಪ್ಯಾಕ್ ಕೊಟ್ಟು ಬನ್ನಿ, ಅದರ ಮೇಲಿನ ಅವಧಿ ಮುಗಿಯುವ ದಿನಾಂಕವನ್ನು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಮುಚ್ಚಳದ ಮೇಲೆ ದೊಡ್ಡದಾಗಿ ಬರೆಸಿ.